ಹಿಂದೆ ಅಂದರೆ ನಿಲ್ಲಬೇಕು

ನಮ್ಮ ಅಡುಗೆಮನೆಗೆ ಹೊಸದಾಗಿ ಬಂದವರಿಗೆ ಮೊದಲು ಕಲಿಸುತ್ತಿದ್ದದ್ದು ಅಡುಗೆಯನ್ನಲ್ಲ, ಕೂಗನ್ನು. ಬಿಸಿ ಪಾತ್ರೆ ಹಿಡಿದವರು, ಚಾಕು ಹಿಡಿದವರು ಇನ್ನೊಬ್ಬರ ಬೆನ್ನ ಹತ್ತಿರ ಹಾಯುವಾಗ "ಹಿಂದೆ" ಎಂದು ಕೂಗಬೇಕು. ಕೂಗು ಕಿವಿಗೆ ಬಿದ್ದವರು ಇದ್ದಲ್ಲೇ ನಿಲ್ಲಬೇಕು. ತಿರುಗಬಾರದು. ಕೈಯಲ್ಲಿ ಚಾಕು ಇದ್ದರೆ ಮೊನೆ ಕೆಳಗೆ. ಹಾಯ್ದವರು "ಆಯ್ತು" ಅನ್ನುವವರೆಗೆ ಯಾರೂ ಮಿಸುಕಬಾರದು. ಮೂಗಿನ ಮೇಲೆ ನೊಣ ಕೂತರೂ ಅಷ್ಟೇ.

ಈ ಕೂಗನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ನನಗೆ ಕಲಿಸಿದವಳು ನನ್ನ ಅತ್ತೆ. ಅವಳು ಇದೇ ಹೋಟೆಲಿನಲ್ಲಿ ಪಾತ್ರೆ ತೊಳೆದು ತೊಳೆದು ಬೆನ್ನು ಬಗ್ಗಿಸಿಕೊಂಡು ಮನೆ ಸೇರಿದಳು. ಅವಳ ಜಾಗಕ್ಕೆ ನಾನು ಬಂದೆ. ಆಮೇಲೆ ನನ್ನ ನಾದಿನಿಯೂ ಬಂದಳು. ಅತ್ತೆಗೆ ಮನೆಯಲ್ಲೂ ಆ ಅಭ್ಯಾಸ ಹೋಗಿಲ್ಲ. ಒಲೆಯಿಂದ ಬಿಸಿನೀರು ಇಳಿಸುವಾಗ ಕೂಗುತ್ತಾಳೆ. ಮನೆಯಲ್ಲಿ ನರಪಿಳ್ಳೆ ಇಲ್ಲದಿದ್ದರೂ ಕೂಗುತ್ತಾಳೆ. ನಾನೂ ನಾದಿನಿಯೂ ಅದನ್ನು ಆಡಿಕೊಂಡು ನಗುತ್ತಿದ್ದೆವು. ಈಗ ನಗು ಬರುವುದಿಲ್ಲ.

ಅಡುಗೆಮನೆಗೂ ಊಟದ ಹಾಲಿಗೂ ನಡುವೆ ಇದ್ದ ಗೋಡೆಯನ್ನು ಒಡೆದು ಗಾಜು ಹಾಕಿದರು. ಊಟಕ್ಕೆ ಬಂದವರು ಅಡುಗೆ ಆಗುವುದನ್ನು ನೋಡಬೇಕಂತೆ. ನೋಡಿದರೆ ನಂಬಿಕೆ ಬರುತ್ತದಂತೆ. ಗಾಜಿನ ಮೇಲ್ಗಡೆ ಉದ್ದಕ್ಕೂ ಕಿಂಡಿ ಬಿಟ್ಟರು. ಬೇಯುವ ವಾಸನೆ ಆಚೆ ಹೋಗಲಿ, ಕೂತವರಿಗೆ ಹಸಿವು ಹುಟ್ಟಲಿ ಅಂತ. ವಾಸನೆ ಹೋಗುವ ದಾರಿಯಲ್ಲಿ ಕೂಗೂ ಹೋಗುತ್ತದೆ. ಅಲ್ಲಿಗೆ ನಮ್ಮ ಬಾಯಿಗೆ ಬೀಗ ಬಿತ್ತು.

ಮ್ಯಾನೇಜರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದ. ಅವನು ಯಾವತ್ತೂ ದನಿ ಎತ್ತುವವನಲ್ಲ. ಮೆಲ್ಲಗೆ ಮಾತಾಡುತ್ತಾನೆ. ಕೂಗುವ ಗಂಡಸಿಗೆ ನಾನು ಅಷ್ಟು ಹೆದರುವುದಿಲ್ಲ. ಇವನಿಗೆ ಹೆದರುತ್ತೇನೆ.

"ಇನ್ಮೇಲೆ ಇಲ್ಲಿ ಕೂಗಾಟ ಬೇಡ. ಜನ ಊಟಕ್ಕೆ ಬರ್ತಾರೆ, ಜಗಳ ನೋಡೋಕಲ್ಲ. ಗಾಜಿನಿಂದ ಯಾರಾದ್ರೂ ನಿಮ್ಮ ಕಡೆ ನೋಡಿದ್ರೆ ತಲೆ ಆಡಿಸಿ, ಒಂದು ನಗು ನಗಿ. ಮರೆತವರಿಗೆ ಮಾರನೇ ದಿನ ಕೆಲಸ ಇರಲ್ಲ."

ಬಾಂಡಲಿಯಲ್ಲಿ ಕರಿಯುವ ಕೆಲಸದವನನ್ನು ನಾವು ಉದ್ದಣ್ಣ ಅನ್ನುತ್ತೇವೆ. ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ. ಅವನು ಕೇಳಿದ, "ಸಾರ್, ಬಿಸಿ ಎಣ್ಣೆ ಹಿಡ್ಕೊಂಡು ಓಡಾಡ್ತೀವಿ. ಕೂಗದೇ ಇದ್ರೆ ಹೇಗೆ?"

"ಕಣ್ಣು ಕೊಟ್ಟಿಲ್ವಾ ದೇವರು? ನೋಡ್ಕೊಂಡು ಓಡಾಡಿ."

ಉದ್ದಣ್ಣ ಒಂದು ಹೆಜ್ಜೆ ಹಿಂದೆ ಸರಿದು ಸಾಲು ಸೇರಿದ.

ಪಾತ್ರೆ ತೊಳೆಯುವವರಿಗೆ ಇನ್ನೂ ಒಂದು ಮಾತಿತ್ತು. ನಮ್ಮ ತೊಟ್ಟಿಗಳಿರುವುದು ಅಡುಗೆಮನೆಯ ಹಿಂದಿನ ಮೂಲೆಯಲ್ಲಿ, ಕಂಬದ ಮರೆಯಲ್ಲಿ. ಅಲ್ಲಿ ನೆಲದ ಮೇಲೆ ಮ್ಯಾನೇಜರ್ ಹಳದಿ ಬಣ್ಣದ ಗೆರೆ ಎಳೆಸಿದ್ದ. ಗೆರೆಯ ಆಚೆ ಒಣ ನೆಲ, ಬಿಳಿ ಅಂಗಿಯ ಅಡುಗೆಯವರು, ಗಾಜು. ಈಚೆ ನೀರು, ಜಿಡ್ಡು, ನಾವು. "ನಿಮ್ಮ ಒದ್ದೆ ಬಟ್ಟೆ, ನಿಮ್ಮ ಅವತಾರ ಜನಕ್ಕೆ ಕಾಣಬಾರ್ದು. ಗೆರೆ ದಾಟಬೇಡಿ," ಅಂದ. ಬಿಳಿ ಅಂಗಿಯವರೂ ನಮ್ಮ ಕಡೆಗೆ ಕಾಲಿಡುವಂತಿಲ್ಲ. ಅವರ ಬೂಟು ಕೊಳೆಯಾಗುತ್ತದೆ. ನಾವು ತೊಳೆದ ತಟ್ಟೆ ಗಾಜಿನ ಆಚೆ ಹೋಗಿ ಊಟಕ್ಕೆ ಬಂದವರ ಮುಂದೆ ಕೂರಬಹುದು. ತೊಳೆದ ಕೈ ಮಾತ್ರ ಅವರ ಕಣ್ಣಿಗೆ ಬೀಳಬಾರದು.

"ಅತ್ತಿಗೆ, ನಾವು ಅಷ್ಟು ಚೆಂದ ಇದೀವಿ ನೋಡು," ಅಂದಳು ನಾದಿನಿ. "ನೋಡಿದವರು ಊಟ ಬಿಟ್ಟು ನಮ್ಮನ್ನೇ ನೋಡ್ತಾ ಕೂತುಬಿಡ್ತಾರೆ ಅಂತ ಅವನಿಗೆ ಭಯ."

ಅವಳು ಹಾಗೆಯೇ. ಬಾಯಿ ಬಡಕಿ. ತೊಟ್ಟಿಗೆ ಬಗ್ಗಿದರೆ ಸಾಕು, ಮಾತು ಶುರು. ಮ್ಯಾನೇಜರ್ ನಗುವುದನ್ನು ಅಣಕಿಸಿ ತೋರಿಸುವಳು. ಸೋಪಿನ ನೀರು ಬೆರಳ ಸಂದಿಯಲ್ಲಿ ಉರಿಯುವುದು ಅವಳ ಮಾತಿನಲ್ಲಿ ನನಗೆ ಮರೆತುಹೋಗುತ್ತಿತ್ತು.

ಈಗ ಎಣ್ಣೆಯ ವಿಷಯ ಹೇಳಬೇಕು.

ಮೊದಲು ಬಾಂಡಲಿಯ ಹಳೆ ಎಣ್ಣೆಯನ್ನು ರಾತ್ರಿಯಿಡೀ ತಣಿಯಲು ಬಿಟ್ಟು ಬೆಳಿಗ್ಗೆ ತೆಗೆಯುತ್ತಿದ್ದೆವು. ಎರಡು ಕಿವಿಯ ಪಾತ್ರೆಗೆ ಬಗ್ಗಿಸಿ, ನಾನೊಂದು ಕಿವಿ ಅವಳೊಂದು ಕಿವಿ ಹಿಡಿದು, "ಹಿಂದೆ, ಹಿಂದೆ" ಎಂದು ಕೂಗುತ್ತಾ ಹಿತ್ತಲಿನ ಡ್ರಮ್ಮಿಗೆ ಒಯ್ಯುತ್ತಿದ್ದೆವು. ಗಾಜು ಬಂದ ಮೇಲೆ ಎಣ್ಣೆ ಕಪ್ಪಗಿರುವುದು ಜನಕ್ಕೆ ಕಾಣತೊಡಗಿತು. ಯಾರೋ ಬೆರಳು ತೋರಿಸಿದರಂತೆ. ಅಂದಿನಿಂದ ಮಧ್ಯಾಹ್ನದ ಊಟ ಇನ್ನೂ ನಡೆಯುತ್ತಿರುವಾಗಲೇ, ಒಲೆ ಆರಿಸಿದ ತಕ್ಷಣ, ಸುಡುವ ಎಣ್ಣೆಯನ್ನೇ ತೆಗೆಯಬೇಕು. ಒಂದು ಹನಿ ನೀರು ಬಿದ್ದರೆ ಚಟಪಟ ಸಿಡಿಯುವ ಎಣ್ಣೆ.

ಅದನ್ನು ಹಿತ್ತಲಿಗೆ ಒಯ್ಯುವುದು ಹೇಗೆ? ಉದ್ದಣ್ಣ ಗೆರೆ ದಾಟಿ ಈಚೆ ಬರುವಂತಿಲ್ಲ. ನಾವು ದಾಟಿ ಆಚೆ ಹೋಗುವಂತಿಲ್ಲ. ಹಾಗಾಗಿ ಗೆರೆಯ ಮೇಲೆಯೇ ಕೈ ಬದಲಾಗಬೇಕು. ಅಷ್ಟು ಹೊತ್ತು ಮಾತ್ರ ನಾವು ಕಂಬದ ಮರೆ ತಪ್ಪಿ ಗಾಜಿಗೆ ಕಾಣುತ್ತಿದ್ದೆವು. ಉದ್ದಣ್ಣ ಪಾತ್ರೆಯನ್ನು ಎದೆಯ ಮಟ್ಟದಲ್ಲಿ ಹಿಡಿದು ಗೆರೆಗೆ ಬಂದು ನಿಲ್ಲುವನು. ನಾವಿಬ್ಬರೂ ಬಟ್ಟೆ ಸುತ್ತಿದ ಕೈ ಚಾಚಿ ಒಂದೊಂದು ಕಿವಿ ಹಿಡಿಯಬೇಕು. ಮೊದಲಾಗಿದ್ದರೆ "ಹಿಡಿದೆ" ಎಂದು ಬಾಯಿಬಿಟ್ಟು ಹೇಳುತ್ತಿದ್ದೆವು. ಈಗ ಕೂಗುವಂತಿಲ್ಲ, ಒಲೆಗಳ ಸದ್ದಿನಲ್ಲಿ ಮೆಲ್ಲಗೆ ಅಂದದ್ದು ಕೇಳಿಸುವುದಿಲ್ಲ. ಅದಕ್ಕೆ ತಲೆಯಾಡಿಸುವುದು ಅಂತ ಮಾಡಿಕೊಂಡೆವು. ಹಿಡಿದವರು ತಲೆಯಾಡಿಸಬೇಕು, ಆಗ ಉದ್ದಣ್ಣ ಆ ಕಡೆಯ ಕೈ ಬಿಡುತ್ತಾನೆ. ಇದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ. ನಾವೇ ಕಂಡುಕೊಂಡದ್ದು.

ನಾನು ಹೆದರುತ್ತಿದ್ದೆ. ಬೆಳಿಗ್ಗೆ ಎದ್ದಾಗಿನಿಂದ ಹೆದರುತ್ತಿದ್ದೆ. ನಮ್ಮ ಕಡೆಯ ನೆಲ ಯಾವತ್ತೂ ಒಣಗಿದ್ದಿಲ್ಲ. ಕಾಲಿಗೆ ಇದ್ದದ್ದು ತಳ ಸವೆದ ಚಪ್ಪಲಿ. ಪಾತ್ರೆ ಕೈಗೆ ಬಂದಾಗ ಅದರ ಕಾವು ಮುಖಕ್ಕೆ ಬಡಿಯುತ್ತಿತ್ತು. ಎಣ್ಣೆ ಒಳಗೆ ತುಳುಕುತ್ತಾ ಅಂಚಿನವರೆಗೆ ಬಂದು ಹಿಂದಕ್ಕೆ ಹೋಗುತ್ತಿತ್ತು. ನಾನು ಅದನ್ನೇ ನೋಡುತ್ತಾ ಉಸಿರು ಬಿಗಿಹಿಡಿದು ನಡೆಯುತ್ತಿದ್ದೆ. ಡ್ರಮ್ಮಿಗೆ ಸುರಿದು ಬಂದ ಮೇಲೆ ಗೋಡೆಗೆ ಒರಗಿ ನಿಲ್ಲಬೇಕಾಗುತ್ತಿತ್ತು.

"ಕೈ ಅಷ್ಟು ನಡುಗಿಸ್ಬೇಡ ಅತ್ತಿಗೆ," ಅನ್ನುತ್ತಿದ್ದಳು ನಾದಿನಿ. "ಪಾತ್ರೆ ತಾಳ ಹಾಕೋಕೆ ಶುರು ಮಾಡುತ್ತೆ." ಅವಳ ಕೈಯೂ ನಡುಗುತ್ತಿತ್ತು. ಅದನ್ನು ನಾನು ಹೇಳುತ್ತಿರಲಿಲ್ಲ.

ಅವತ್ತು ಊಟದ ಹಾಲಿನ ತುಂಬ ಜನ. ಉದ್ದಣ್ಣ ಪಾತ್ರೆ ತಂದ. ಬಿಸಿಗೆ ಅವನ ಮುಖ ಗಂಟಿಕ್ಕಿತ್ತು. ನಾನು ನನ್ನ ಕಡೆಯ ಕಿವಿ ಹಿಡಿದೆ, ತಲೆಯಾಡಿಸಿದೆ. ಅವನು ಆ ಕೈ ಬಿಟ್ಟ. ನಾದಿನಿ ತನ್ನ ಕಡೆಗೆ ಕೈ ಚಾಚಿದಳು. ಅವಳ ಕೈಗೆ ಸುತ್ತಿದ ಬಟ್ಟೆ ಸ್ವಲ್ಪ ಜಾರಿತ್ತು. ಸರಿಮಾಡಿಕೊಳ್ಳುತ್ತಿದ್ದಳು.

ಆಗ ಗಾಜಿನ ಹತ್ತಿರ ಒಂದು ಮಗು ಕಾಣಿಸಿತು. ಅಪ್ಪನ ಹೆಗಲ ಮೇಲಿತ್ತು. ನಾದಿನಿಯನ್ನು ನೋಡಿ ಕೈ ಬೀಸಿತು. ಮ್ಯಾನೇಜರ್ ಅವರ ಪಕ್ಕದಲ್ಲೇ ನಿಂತಿದ್ದ. ಅವನೂ ನಾದಿನಿಯನ್ನೇ ನೋಡುತ್ತಿದ್ದ.

ಅವಳು ತಲೆಯಾಡಿಸಿ ನಕ್ಕಳು.

ಉದ್ದಣ್ಣ ಕೈ ಬಿಟ್ಟ.

ಪಾತ್ರೆ ವಾಲಿತು. ನನ್ನ ಕೈಯಲ್ಲಿ ಒಂದೇ ಕಿವಿ. ಹಿಡಿದು ನಿಲ್ಲಿಸಲು ನೋಡಿದೆ, ಆಗಲಿಲ್ಲ. ಎಣ್ಣೆ ಅವಳ ಬಲಗಾಲಿನ ಮೇಲೆ, ಮೊಣಕಾಲಿನ ಕೆಳಗಿನಿಂದ ಬೆರಳುಗಳವರೆಗೆ ಹರಿಯಿತು. ಒದ್ದೆ ನೆಲಕ್ಕೆ ಬಿದ್ದದ್ದು ಸಿಡಿದು ಎದ್ದಿತು. ಅವಳ ಚಪ್ಪಲಿ ಕಾಲಿಗೆ ಅಂಟಿಕೊಂಡಿತು.

ಅವಳು ಕೂಗಲಿಲ್ಲ. ಇದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ನೆಲಕ್ಕೆ ಕುಸಿದವಳು ಕೈಗೆ ಸುತ್ತಿದ್ದ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡಳು. ಕಣ್ಣು ಹೊರಗೆ ಬರುವ ಹಾಗೆ ತೆರೆದಿತ್ತು. ಗಂಟಲಿನ ನರಗಳು ಎದ್ದಿದ್ದವು. ಆದರೆ ಸದ್ದಿಲ್ಲ. ನಾನು ಕೊಳಾಯಿಯ ಪೈಪು ಎಳೆದು ಅವಳ ಕಾಲಿಗೆ ನೀರು ಬಿಟ್ಟೆ. ಬಿಡುತ್ತಲೇ ಇದ್ದೆ. ಮ್ಯಾನೇಜರ್ ಒಳಗೆ ಬಂದು ಗಾಜಿಗೆ ಅಡ್ಡವಾಗಿ ನಿಂತ. ಬೆನ್ನು ನಮ್ಮ ಕಡೆಗೆ, ನಗು ಗಾಜಿನ ಕಡೆಗೆ.

"ಹಿಂದಿನ ಬಾಗಿಲಿಂದ ಕರ್ಕೊಂಡು ಹೋಗಿ," ಅಂದ, ತಿರುಗದೆ. "ಆಸ್ಪತ್ರೇಲಿ ಮನೇಲಿ ಆಗಿದ್ದು ಅನ್ನಿ. ಇಲ್ದಿದ್ರೆ ಇಬ್ಬರಿಗೂ ಕೆಲಸ ಇಲ್ಲ."

ಕಸದ ಡಬ್ಬಗಳ ನಡುವೆ ಅವಳನ್ನು ಎತ್ತಿಕೊಂಡು ಹೋದೆವು. ಆಸ್ಪತ್ರೆಯಲ್ಲಿ ನರ್ಸು ಕೇಳಿದಾಗ ಅವಳೇ ಹೇಳಿದಳು, "ಮನೇಲಿ." ನಾನು ಪಕ್ಕದಲ್ಲಿ ಕಲ್ಲಿನ ಹಾಗೆ ನಿಂತಿದ್ದೆ. ನನ್ನ ಕೈಯಲ್ಲೂ ಅಲ್ಲಲ್ಲಿ ಬೊಬ್ಬೆ ಎದ್ದಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಮಾರನೆಯ ಬೆಳಿಗ್ಗೆ ಮ್ಯಾನೇಜರ್ ಮತ್ತೆ ಎಲ್ಲರನ್ನೂ ನಿಲ್ಲಿಸಿದ.

"ನಿನ್ನೆ ಒಬ್ಬಳ ತಪ್ಪಿಂದ ಎಲ್ಲರಿಗೂ ತೊಂದರೆ ಆಯ್ತು. ಹಿಡಿದೆ ಅಂತ ತಲೆ ಆಡಿಸಿದ್ಲು, ಹಿಡಿದಿರಲಿಲ್ಲ. ನಾನೇ ಕಣ್ಣಾರೆ ನೋಡಿದೀನಿ. ಅವಳು ಇನ್ನು ಬರೋದು ಬೇಡ." ಉದ್ದಣ್ಣನ ಕಡೆ ತಿರುಗಿದ. "ನೀನೇ ಹೇಳು. ಆಡಿಸಿದ್ಲೋ ಇಲ್ವೋ?"

ಉದ್ದಣ್ಣ ನೆಲ ನೋಡಿದ. ಅಷ್ಟು ಎತ್ತರದ ಮನುಷ್ಯ ಕುಗ್ಗಿ ನನ್ನಷ್ಟಾಗಿದ್ದ. "ಆಡಿಸಿದ್ಲು ಸಾರ್."

ತಲೆ ಆಡಿಸು ಅಂದವನು ನೀನು ಅಂತ ಹೇಳಬೇಕು ಅನಿಸಿತು. ಹೇಳದೆ ತೊಟ್ಟಿಗೆ ಹೋಗಿ ಬಗ್ಗಿದೆ. ಪಕ್ಕದ ತೊಟ್ಟಿ ಸದ್ದಿಲ್ಲದೆ ಇತ್ತು. ಆ ದಿನದ ಎಣ್ಣೆಯನ್ನು ನನ್ನ ಜೊತೆ ಹಿಡಿದದ್ದು ಕಸ ಗುಡಿಸುವವಳು. ಅವಳು ಬಿಕ್ಕುತ್ತಲೇ ಹಿಡಿದಳು, ಡ್ರಮ್ಮಿಗೆ ಸುರಿದ ಮೇಲೆ ನಾಳೆ ಹಿಡಿಯೋಕೆ ಬರಲ್ಲ ಅಂದಳು. ಹೇಗೆ ನಡೆದು ಹೋಗಿ ಬಂದೆವೋ ನನಗೆ ನೆನಪಿಲ್ಲ.

ಸಂಜೆ ಮನೆಗೆ ಹೋದಾಗ ನಾದಿನಿ ಚಾಪೆಯ ಮೇಲೆ ಕಾಲು ಚಾಚಿ ಮಲಗಿದ್ದಳು. ಕಾಲು ತುಂಬ ಬಿಳಿ ಬಟ್ಟೆ. ಬಟ್ಟೆಯ ಕೆಳಗಿನಿಂದ ಹಳದಿ ನೀರು ಒಸರಿತ್ತು. ಬೆರಳುಗಳು ಮೊದಲಿನ ಹಾಗೆ ಬಿಡಿಬಿಡಿಯಾಗಿ ಆಡುವುದು ಕಷ್ಟ ಅಂದಿದ್ದರು ಡಾಕ್ಟರು.

"ತಪ್ಪು ನಂದೇ ಅತ್ತಿಗೆ," ಅಂದಳು. "ಮಗು ಕೈ ಬೀಸ್ತು. ಅವನು ನೋಡ್ತಿದ್ದ. ಆಡಿಸದೇ ಇದ್ರೆ ಕೆಲಸ ಹೋಗುತ್ತೆ ಅಂತ ಹೆದರಿ ಆಡಿಸ್ಬಿಟ್ಟೆ. ಉದ್ದಣ್ಣನ್ನ ಏನೂ ಅನ್ಬೇಡ."

"ಸುಮ್ನಿರು. ಎಲ್ಲರ ತಪ್ಪನ್ನೂ ತಲೆ ಮೇಲೆ ಹೊತ್ಕೋಬೇಡ."

"ಕೆಲಸ ಉಳಿದಿದ್ರೆ ಚೆನ್ನಾಗಿತ್ತು," ಅಂದು ಗೋಡೆಯ ಕಡೆ ತಿರುಗಿಕೊಂಡಳು. ಬಾಯಿ ಬಡಕಿ ಅನ್ನಿಸಿಕೊಂಡವಳು ಹೀಗೆ ಮಲಗಿದ್ದನ್ನು ನಾನು ಕಂಡಿರಲಿಲ್ಲ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಅತ್ತೆ ಒಲೆಯಿಂದ ಬಿಸಿನೀರಿನ ಪಾತ್ರೆ ಇಳಿಸಿದಳು. ಎಂದಿನ ಹಾಗೆ ಕೂಗಲು ಬಾಯಿ ತೆರೆದಳು. ಮಗಳ ಕಾಲು ಕಣ್ಣಿಗೆ ಬಿತ್ತು. ಬಾಯಿ ಮುಚ್ಚಿಕೊಂಡಳು. ಗೋಡೆಗೆ ಅಂಟಿಕೊಂಡು, ಪಾತ್ರೆಯನ್ನು ಮೈಗೆ ಒತ್ತಿಕೊಂಡು, ಕಳ್ಳಿಯ ಹಾಗೆ ದಾಟಿ ಹೋದಳು. ಆ ಮುದುಕಿ ಕೂಗದೆ ನಡೆದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಪಾತ್ರೆ ಇಟ್ಟು ಬಂದು ಕೇಳಿದಳು, "ನಾಳೆ ನಿನ್ನ ಎದುರು ಯಾರು ಹಿಡೀತಾರೆ?"

"ಗೊತ್ತಿಲ್ಲ ಅತ್ತೆ."

ಮರುದಿನ ಬೆಳಿಗ್ಗೆ ಗೊತ್ತಾಯಿತು. ಹೊಸಬಳು ಬಂದಿದ್ದಳು. ನನಗಿಂತ ಚಿಕ್ಕವಳು. ಕೆಲಸದ ಮೊದಲ ದಿನ ಅಂತ ಕಾಲಿನ ಉಗುರಿಗೆ ಬಣ್ಣ ಹಚ್ಚಿಕೊಂಡಿದ್ದಳು. ಅದೇ ತಳ ಸವೆದ ಚಪ್ಪಲಿ ಕೊಟ್ಟಿದ್ದರು. ಬೆಳಗಿನಿಂದ ನನ್ನ ಕಣ್ಣು ಅವಳ ಕಾಲಿನ ಮೇಲೆಯೇ. ಬೇರೆಡೆ ನೋಡಬೇಕೆಂದರೂ ಆಗಲಿಲ್ಲ.

ಮ್ಯಾನೇಜರ್ ಬಂದು ಹೇಳಿದ, "ಎಣ್ಣೆ ಹೇಗೆ ಹಿಡೀಬೇಕು ಅಂತ ಇವಳಿಗೆ ಕಲಿಸು. ಮತ್ತೆ ತಪ್ಪಾದ್ರೆ ನಿನ್ನ ತಲೆಗೆ ಬರುತ್ತೆ."

ಮಧ್ಯಾಹ್ನವಾಯಿತು. ಊಟದ ಹಾಲಿನಲ್ಲಿ ತಟ್ಟೆ ಚಮಚಗಳ ಸದ್ದು. ನಾನು ಅವಳ ಕೈಗೆ ಬಟ್ಟೆ ಸುತ್ತಿದೆ. ಬಿಗಿಯಾಗಿ ಸುತ್ತಿದೆ, ಬಿಚ್ಚಿ ಮತ್ತೆ ಸುತ್ತಿದೆ.

"ಅಕ್ಕ, ನೋವಾಗ್ತಿದೆ," ಅಂದಳು. ಆಮೇಲೆ ಕೇಳಿದಳು, "ಹಿಡಿದ ಮೇಲೆ ಏನು ಮಾಡ್ಬೇಕು?"

ತಲೆಯಾಡಿಸಬೇಕು. ಹೇಳಬೇಕಾದದ್ದು ಇಷ್ಟೇ. ಹೇಳಲು ಬಾಯಿ ತೆರೆದೆ. ನಾದಿನಿ ತಲೆಯಾಡಿಸಿ ನಕ್ಕ ಮುಖ ಕಣ್ಣ ಮುಂದೆ ಬಂತು.

ಆಚೆ ಉದ್ದಣ್ಣ ಒಲೆ ಆರಿಸಿ, ಬಾಂಡಲಿಯ ಎಣ್ಣೆಯನ್ನು ಪಾತ್ರೆಗೆ ಬಗ್ಗಿಸಿ ಮುಗಿಸಿದ್ದ. ಎತ್ತಲು ಬಗ್ಗಿದ. ಎತ್ತಿದ ಮೇಲೆ ನಾನು ಹಿಡಿಯಲೇಬೇಕು, ಇಲ್ಲದಿದ್ದರೆ ಅವನ ಕೈ ಸುಡುತ್ತದೆ. ಎತ್ತುವ ಮೊದಲೇ ಏನಾದರೂ ಮಾಡಬೇಕು.

ನಾನು ಹಳದಿ ಗೆರೆ ದಾಟಿದೆ. ಧೈರ್ಯದಿಂದಲ್ಲ. ಇವಳ ಕಾಲೂ ಸುಡುತ್ತದೆ ಅನ್ನುವ ಹೆದರಿಕೆಗೆ ದಾಟಿದೆ. ದಾಟಿ, ಇದ್ದಷ್ಟೂ ಉಸಿರು ಎಳೆದುಕೊಂಡು ಕೂಗಿದೆ.

"ಹಿಂದೆ."

ನನ್ನ ಅತ್ತೆಯ ಕೂಗೇ ನನ್ನ ಗಂಟಲಿನಿಂದ ಬಂದ ಹಾಗಿತ್ತು.

ಅಡುಗೆಮನೆ ನಿಂತಿತು. ತರಕಾರಿ ಹೆಚ್ಚುವವಳು ಚಾಕುವಿನ ಮೊನೆ ಕೆಳಗೆ ಮಾಡಿ ನಿಂತಳು. ಬ್ರೆಡ್ಡಿನ ಒಲೆಯ ಅಜ್ಜ ಕೈಯಲ್ಲಿದ್ದ ತಟ್ಟೆಯನ್ನು ಎದೆಗೆ ಒತ್ತಿಕೊಂಡು ನಿಂತ. ಸಾರು ತಿರುವುತ್ತಿದ್ದವನ ಸೌಟು ಪಾತ್ರೆಯಲ್ಲೇ ನಿಂತಿತು. ಉದ್ದಣ್ಣ ಪಾತ್ರೆ ಮುಟ್ಟದೆ, ನೆಟ್ಟಗಾಗಿ, ಗೋಡೆಗೆ ಬೆನ್ನು ಕೊಟ್ಟ. ಯಾರೂ ತಿರುಗಿ ನೋಡಲಿಲ್ಲ. ಎಷ್ಟೋ ದಿನ ಬಾಯಿ ಮುಚ್ಚಿಸಿದ್ದರೂ ಮೈ ಮರೆತಿರಲಿಲ್ಲ.

ನನ್ನ ಬಟ್ಟೆಯಿಂದ ಒಣ ನೆಲದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಗಾಜಿನ ಆಚೆ ಒಬ್ಬೊಬ್ಬರೇ ತಲೆ ಎತ್ತಿ ನನ್ನನ್ನು ನೋಡಿದರು. ಸಾಲಿನ ಉದ್ದಕ್ಕೂ ನಡೆದು ಒಂದೊಂದೇ ಒಲೆಯ ಗುಂಡಿ ತಿರುಗಿಸಿ ಆರಿಸಿದೆ. ಏನೂ ಸೀಯಬಾರದು, ಯಾರೂ ಸುಡಬಾರದು. ಆಮೇಲೆ ಎಣ್ಣೆಯ ಪಾತ್ರೆಯ ಪಕ್ಕಕ್ಕೆ ಬಂದು ನಿಂತೆ.

ಮ್ಯಾನೇಜರ್ ಬಂದ. ನಗುತ್ತಲೇ ಬಂದ. ತುಟಿ ಅಲುಗದ ಹಾಗೆ ಮಾತಾಡಿದ.

"ಏನು ಹುಚ್ಚು ಹಿಡೀತಾ ನಿನಗೆ? ಗೆರೆ ಆಚೆ ಹೋಗು."

"ಎಣ್ಣೆ ತಣೀಲಿ, ಹೋಗ್ತೀನಿ."

"ನಿನ್ನ ನಾದಿನಿ ಹಾಗೆ ನೀನೂ ಮನೆಗೆ ಹೋಗ್ತೀಯ."

"ಅವಳ ತಪ್ಪಲ್ಲ ಅಂತ ಇಲ್ಲೇ, ಇವರೆಲ್ಲರ ಮುಂದೆ ಹೇಳಿ. ಅವಳ ಜಾಗ ಅವಳಿಗೆ ಇರ್ಲಿ. ನಮ್ಮ ಕೂಗು ನಮಗೆ ಕೊಡಿ."

ಅವನು ನನ್ನನ್ನು ಬಿಟ್ಟು ಉಳಿದವರ ಕಡೆ ತಿರುಗಿದ. "ಏನು ನೋಡ್ತಾ ನಿಂತಿದೀರಿ? ಒಲೆ ಹಚ್ಚಿ. ಕೆಲಸ ನೋಡಿ."

ಯಾರೂ ಮಿಸುಕಲಿಲ್ಲ.

"ಕೇಳಿಸ್ತಿಲ್ವಾ?"

ಬ್ರೆಡ್ಡಿನ ಅಜ್ಜ ತಟ್ಟೆ ಎದೆಗೆ ಒತ್ತಿಕೊಂಡೇ ಹೇಳಿದ, "ಅವಳಿನ್ನೂ ಆಯ್ತು ಅಂದಿಲ್ಲ ಸಾರ್. ಅನ್ನೋವರೆಗೆ ಅಲುಗೋ ಹಾಗಿಲ್ಲ."

"ಅವಳ ಕೈಯಲ್ಲಿ ಏನಿದೆ? ಖಾಲಿ ಕೈ."

"ಏನಿದೆ ಅಂತ ತಿರುಗಿ ನೋಡೋ ಹಾಗೂ ಇಲ್ಲ ಸಾರ್," ಅಂದಳು ತರಕಾರಿ ಹೆಚ್ಚುವವಳು. ಅವಳ ಚಾಕುವಿನ ಮೊನೆ ಕೆಳಗೇ ಇತ್ತು.

ಗೋಡೆಗೆ ಒರಗಿದ್ದ ಉದ್ದಣ್ಣನ ಗಂಟಲಿನಿಂದ ಏನೋ ಸದ್ದು ಬಂತು. ಮೊದಲು ಕೆಮ್ಮು ಅಂದುಕೊಂಡೆ. ಅವನು ಅಳುತ್ತಿದ್ದ. "ಅವಳು ನನಗಲ್ಲ ಸಾರ್ ತಲೆ ಆಡಿಸಿದ್ದು. ಆ ಮಗೂಗೆ. ನೀವು ಹೇಳಿದ್ರಲ್ಲ, ನೋಡಿದವರಿಗೆಲ್ಲ ಆಡಿಸಿ ಅಂತ. ಅದಕ್ಕೆ ಆಡಿಸಿದ್ಲು. ನಾನು ಕೈ ಬಿಟ್ಟೆ."

ಗಾಜಿನ ಮೇಲಿನ ಕಿಂಡಿಯಿಂದ ಈ ಮಾತು ಆಚೆ ಹೋಯಿತು. ಊಟದ ಹಾಲಿನಲ್ಲಿ ಚಮಚದ ಸದ್ದು ನಿಂತಿತ್ತು. ಕೆಲವರು ಎದ್ದು ಗಾಜಿನ ಹತ್ತಿರ ಬಂದಿದ್ದರು. ಒಬ್ಬ ಹೆಂಗಸು ನನ್ನನ್ನೇ ನೋಡಿ, ಏನನ್ನೋ ಕೇಳುವವಳ ಹಾಗೆ ತಲೆಯಾಡಿಸಿದಳು. ನಾನು ಆಡಿಸಲಿಲ್ಲ.

ಮ್ಯಾನೇಜರ್ ನನ್ನ ಹತ್ತಿರಕ್ಕೆ ಬಂದ. ಅವನ ಹಣೆಯ ಮೇಲೆ ಬೆವರು. ಮೊದಲ ಸಲ ಅವನ ಮುಖದಲ್ಲಿ ನಗು ಇರಲಿಲ್ಲ.

"ನೋಡಮ್ಮ. ಆಯ್ತು ಅಂತ ಒಂದು ಮಾತು ಹೇಳಿಬಿಡು. ಆಮೇಲೆ ಒಳಗೆ ಕೂತು ಮಾತಾಡೋಣ."

ನನಗೆ ಆಗಲೂ ಹೆದರಿಕೆಯೇ. ಸಂಜೆ ಮನೆಗೆ ಏನು ಮುಖ ಇಟ್ಟುಕೊಂಡು ಹೋಗುತ್ತೇನೋ, ನಾಳೆ ಒಲೆ ಹೇಗೆ ಉರಿಯುತ್ತದೋ ಗೊತ್ತಿರಲಿಲ್ಲ. ಗೆರೆಯ ಆಚೆ ಹೊಸಬಳು ಬಟ್ಟೆ ಸುತ್ತಿದ ಕೈ ಎದೆಗೆ ಹಿಡಿದು ನಿಂತಿದ್ದಳು. ಬಣ್ಣ ಹಚ್ಚಿದ ಅವಳ ಉಗುರುಗಳು ಒದ್ದೆ ನೆಲದಲ್ಲಿ ಹೊಳೆಯುತ್ತಿದ್ದವು. ನನ್ನ ಪಕ್ಕದ ಪಾತ್ರೆಯಿಂದ ಇನ್ನೂ ಕಾವು ಏಳುತ್ತಿತ್ತು.

"ಹೇಳು," ಅಂದ ಮತ್ತೆ. "ಬಾಯಿ ಬಿಡು."

ನಮಗೆ ಬಾಯಿ ಮುಚ್ಚಿಕೊಂಡಿರಲು ಕಲಿಸಿದವನು ಅವನೇ. ನಾನು ಎಣ್ಣೆಯನ್ನು ನೋಡುತ್ತಾ ಬಾಯಿ ಮುಚ್ಚಿಕೊಂಡೇ ನಿಂತೆ.